ಎರಡು ಹೆಸರಿನ ಊರುಗಳಿಗೆ ಬಸ್ಸಿನಲ್ಲಿ: ಲಂಕೆಯ ಉತ್ತರ ಮತ್ತು ಪೂರ್ವದ ಪ್ರಾಚೀನ ನೆಲೆಗಳನ್ನು ನೋಡುವ ಬಗೆ

ಜಾಫ್ನಾದ ಬಸ್ ನಿಲ್ದಾಣದಲ್ಲಿ ನಿಂತು ‘ಕದುರುಗೊಡ’ಕ್ಕೆ ಯಾವ ಬಸ್ಸು ಹೋಗುತ್ತದೆ ಎಂದು ಮೊದಲ ಸಲ ಕೇಳಿದಾಗ, ಒಬ್ಬ ಕಂಡಕ್ಟರ್ ತಲೆಯಾಡಿಸಿ ಪಕ್ಕದ ಬಸ್ಸಿನ ಕಡೆ ಕೈ ತೋರಿಸಿದರು, ಆ ಬಸ್ಸಿನವರು ಅದರಾಚೆಯ ಬಸ್ಸಿನ ಕಡೆ ತೋರಿಸಿದರು. ಹೀಗೆ ನಾಲ್ಕು ಬಸ್ಸುಗಳನ್ನು ಸುತ್ತಿದ ಮೇಲೆ, ಐದನೆಯದರ ಮೆಟ್ಟಿಲ ಪಕ್ಕದ ಸೀಟಿನಲ್ಲಿ ಸೊಪ್ಪಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಅಜ್ಜಿಯೊಬ್ಬರು ನನ್ನ ಕೈಯಲ್ಲಿದ್ದ ಸ್ತೂಪಗಳ ಚಿತ್ರವನ್ನು ನೋಡಿ, ‘ಕಂದರೋಡೈಯಾ?’ ಎಂದು ಕೇಳಿ, ಬುಟ್ಟಿಯನ್ನು ಸರಿಸಿ ಜಾಗ ಕೊಟ್ಟರು. ಪುರಾತತ್ವ ಇಲಾಖೆಯ ದಾಖಲೆಗಳಲ್ಲಿ ಕದುರುಗೊಡ ವಿಹಾರವಾಗಿರುವುದು ಸುತ್ತಲಿನ ಜನರ ಬಾಯಲ್ಲಿ ಕಂದರೋಡೈ. ಶ್ರೀಲಂಕಾದ ಉತ್ತರ ಮತ್ತು ಪೂರ್ವ ಪ್ರಾಂತ್ಯಗಳಲ್ಲಿ ಬಹುತೇಕ ಪ್ರತಿಯೊಂದು ಹಳೆಯ ನೆಲೆಗೂ ಹೀಗೆ ಒಂದು ಸಿಂಹಳ ಹೆಸರು, ಒಂದು ತಮಿಳು ಹೆಸರು ಇರುತ್ತದೆ. ಬೆನ್ನಿಗೆ ಚೀಲ ಹಾಕಿ ಬಸ್ಸಿನಲ್ಲಿ ಹೊರಡುವವರು ಈ ಎರಡೂ ಹೆಸರುಗಳನ್ನು ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು, ಉಳಿದ ಸಿದ್ಧತೆಗಳೆಲ್ಲ ಆಮೇಲೆ.

ಬರೆದುಕೊಳ್ಳಬೇಕಾದ ಮುಖ್ಯ ಜೋಡಿಗಳು ಇವು. ಜಾಫ್ನಾವನ್ನು ತಮಿಳಿನಲ್ಲಿ ಯಾಳ್ಪಾಣಂ ಎಂದೂ ಸಿಂಹಳದಲ್ಲಿ ಯಾಪನಯ ಎಂದೂ ಕರೆಯುತ್ತಾರೆ. ನೈನಾತೀವು ಎಂಬ ದ್ವೀಪವೇ ಸಿಂಹಳ ಯಾತ್ರಿಕರ ನಾಗದೀಪ. ತ್ರಿಕೋನಮಲೆಯ ಉತ್ತರಕ್ಕಿರುವ ತಿರಿಯಾಯ್ ಎಂಬ ಹಳ್ಳಿಯ ಗುಡ್ಡದ ಮೇಲಿನ ಸ್ತೂಪಕ್ಕೆ ಗಿರಿಹಂಡು ಸೇಯ ಎಂದು ಹೆಸರು. ವೆಲ್ಗಂ ವೆಹೆರವನ್ನು ತಮಿಳರು ನಾಥನಾರ್ ಕೋವಿಲ್ ಎನ್ನುತ್ತಾರೆ. ಬಸ್ಸುಗಳ ಫಲಕಗಳಲ್ಲಿ ಸಿಂಹಳ, ತಮಿಳು ಮತ್ತು ಇಂಗ್ಲಿಷ್ ಮೂರೂ ಇರುತ್ತವೆ. ಸಿಂಹಳ ಲಿಪಿಯ ದುಂಡಗಿನ ಅಕ್ಷರಗಳನ್ನು ಕಂಡಾಗ ಕನ್ನಡದ ಕಣ್ಣಿಗೆ ಇನ್ನೇನು ಓದಿಬಿಡಬಹುದು ಎನ್ನಿಸುತ್ತದೆ, ಆದರೆ ಒಂದಕ್ಷರವೂ ದಕ್ಕುವುದಿಲ್ಲ.

ದಾರಿ ಮತ್ತು ಕಾಲ

ಸರ್ಕಾರಿ ಸೇನೆಗೂ ಎಲ್‌ಟಿಟಿಇಗೂ ನಡುವೆ 1983ರಲ್ಲಿ ಆರಂಭವಾದ ಯುದ್ಧ 2009ರ ಮೇ ತಿಂಗಳಲ್ಲಿ ಮುಗಿಯಿತು. ಕ್ಯಾಂಡಿಯಿಂದ ಜಾಫ್ನಾಕ್ಕೆ ಹೋಗುವ 321 ಕಿ.ಮೀ. ಉದ್ದದ ಎ9 ಹೆದ್ದಾರಿ ವರ್ಷಗಟ್ಟಲೆ ಮುಚ್ಚಿತ್ತು, 2002ರ ಕದನವಿರಾಮದ ನಂತರ ತೆರೆಯಿತು, 2006ರ ಆಗಸ್ಟ್‌ನಲ್ಲಿ ಮತ್ತೆ ಮುಚ್ಚಿ, ಯುದ್ಧ ಮುಗಿದ ಮೇಲಷ್ಟೇ ತೆರೆಯಿತು. ಆ ನಂತರವೂ ಕೆಲಕಾಲ, 2014ರ ಕೊನೆಯಲ್ಲಿ ಮತ್ತೊಮ್ಮೆ, ಉತ್ತರಕ್ಕೆ ಹೋಗುವ ವಿದೇಶಿಯರು ರಕ್ಷಣಾ ಸಚಿವಾಲಯದ ಅನುಮತಿ ಪಡೆಯಬೇಕಾಗಿತ್ತು. 2015ರ ಜನವರಿಯಲ್ಲಿ ಆ ನಿಯಮವನ್ನು ತೆಗೆದುಹಾಕಲಾಯಿತು. ಹಳೆಯ ಪ್ರವಾಸ ಪುಸ್ತಕಗಳಲ್ಲಿ ಕಾಣುವ ಅನುಮತಿಪತ್ರದ ಮಾತನ್ನು ಆದ್ದರಿಂದ ಕಡೆಗಣಿಸಬಹುದಾದರೂ, ಪಾಸ್‌ಪೋರ್ಟನ್ನು ಮಾತ್ರ ಕೋಣೆಯಲ್ಲಿ ಬಿಡದೆ ಸದಾ ಮೈಮೇಲೆ ಇಟ್ಟುಕೊಂಡಿರುವುದು ಒಳ್ಳೆಯದು. ಎಲ್ಲಿಯಾದರೂ ತಪಾಸಣೆ ನಡೆದರೆ ಅದು ಬೇಕಾಗುತ್ತದೆ, ಸಾರ್ಕ್ ದೇಶಗಳ ಪ್ರವಾಸಿಗರಿಗೆ ಟಿಕೆಟ್ ದರದಲ್ಲಿ ರಿಯಾಯಿತಿ ಇರುವ ಕಡೆಗಳಲ್ಲಿ ಅದನ್ನು ತೋರಿಸದೆ ರಿಯಾಯಿತಿ ಸಿಗುವುದಿಲ್ಲ.

ನಾನು ಸೂಚಿಸುವ ದಾರಿ ಅನುರಾಧಪುರದಿಂದ ಆರಂಭವಾಗುತ್ತದೆ. ಅಲ್ಲಿಂದ ವವುನಿಯಾ ಮೂಲಕ ಮನ್ನಾರ್, ಮನ್ನಾರಿನಿಂದ ಕಡಲಂಚಿನ ಎ32 ರಸ್ತೆಯಲ್ಲಿ ಜಾಫ್ನಾ, ಜಾಫ್ನಾದಿಂದ ಎ9ರಲ್ಲಿ ಹಿಂದಿರುಗಿ ವವುನಿಯಾ, ಅಲ್ಲಿಂದ ಪೂರ್ವಕ್ಕೆ ತಿರುಗಿ ತ್ರಿಕೋನಮಲೆ. ಹತ್ತು ದಿನಗಳಿದ್ದರೆ ಇದನ್ನು ಸಾವಧಾನವಾಗಿ ಮುಗಿಸಬಹುದು, ಏಳೇ ದಿನಗಳಿದ್ದರೆ ಮನ್ನಾರನ್ನೋ ತ್ರಿಕೋನಮಲೆಯನ್ನೋ ಕೈಬಿಡಬೇಕು. ಕೊಲಂಬೊದಿಂದ ರಾತ್ರಿ ಬಸ್ಸಿನಲ್ಲಿ ನೇರವಾಗಿ ಜಾಫ್ನಾ ತಲುಪುವ ದಾರಿಯೂ ಇದೆ, ಆದರೆ ಹಾಗೆ ಹೋದವರು ವವುನಿಯಾದ ಆಚೆಗಿನ ನೆಲವನ್ನು ಕತ್ತಲಲ್ಲಿ ದಾಟಿಬಿಡುತ್ತಾರೆ. ಈ ಪ್ರವಾಸದಲ್ಲಿ ನೋಡಬೇಕಾದದ್ದರ ಅರ್ಧಭಾಗ ಆ ನೆಲವೇ ಆಗಿದೆ.

ಉತ್ತರ ಮತ್ತು ಪೂರ್ವಕ್ಕೆ ಮಳೆ ತರುವುದು ಈಶಾನ್ಯ ಮಾರುತ. ಅಕ್ಟೋಬರ್‌ನಿಂದ ಜನವರಿಯವರೆಗೆ ಹಳ್ಳಿಯ ಒಳರಸ್ತೆಗಳಲ್ಲಿ ನೀರು ನಿಲ್ಲುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಒಣಬಿಸಿಲು. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ದಿನಗಳು ನಡಿಗೆಗೆ ಹಿತ. ಪೋಯ ಎಂದು ಕರೆಯುವ ಹುಣ್ಣಿಮೆಯ ದಿನ ದೇಶಕ್ಕೆಲ್ಲ ರಜೆಯಾಗಿರುವುದರಿಂದ, ಅದರಲ್ಲಿಯೂ ಜೂನ್ ತಿಂಗಳ ಪೊಸೊನ್ ಹುಣ್ಣಿಮೆಯಂದು, ಅನುರಾಧಪುರದ ಕಡೆಗೆ ಬಸ್ಸಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಮೇ 18ರ ಆಸುಪಾಸಿನಲ್ಲಿ ಮತ್ತು ನವೆಂಬರ್ 27ರಂದು ಉತ್ತರದ ಜನರು ಯುದ್ಧದಲ್ಲಿ ಮಡಿದ ತಮ್ಮವರನ್ನು ನೆನೆಯುತ್ತಾರೆ. ಆ ದಿನಗಳಲ್ಲಿ ಕಾವಲು ಬಿಗಿಯಾಗುತ್ತದೆ, ದೀಪ ಹಚ್ಚಿ ಅಳುವವರ ನಡುವೆ ಕ್ಯಾಮೆರಾ ಹಿಡಿದು ನಿಲ್ಲುವುದು ಯಾರಿಗೂ ಶೋಭೆಯಲ್ಲ.

ಬಸ್ಸಿನ ರೀತಿನೀತಿ

ಸರ್ಕಾರಿ ಸಾರಿಗೆ ಮಂಡಳಿಯ ಬಸ್ಸುಗಳು ಕೆಂಪು ಬಣ್ಣದವು, ಜನ ಇಂದಿಗೂ ಅವನ್ನು ಸಿಲೋನ್ ಟ್ರಾನ್ಸ್‌ಪೋರ್ಟ್ ಬೋರ್ಡ್ ಎಂಬ ಹಳೆಯ ಹೆಸರಿನ ಮೊದಲಕ್ಷರಗಳಿಂದ ಸಿಟಿಬಿ ಎಂದೇ ಕರೆಯುತ್ತಾರೆ. ಖಾಸಗಿ ಬಸ್ಸುಗಳು ಅದೇ ದಾರಿಗಳಲ್ಲಿ ಅವುಗಳ ಜೊತೆ ಪೈಪೋಟಿ ನಡೆಸುತ್ತವೆ. ಖಾಸಗಿ ಬಸ್ಸಿನಲ್ಲಿ ವೇಗವೂ ಹಾಡಿನ ಗದ್ದಲವೂ ಹೆಚ್ಚು, ಸರ್ಕಾರಿ ಬಸ್ಸು ನಿಧಾನವಾದರೂ ದೂರದ ಹಳ್ಳಿಗಳಿಗೆ ಹೋಗುವುದು ಹೆಚ್ಚಾಗಿ ಅದೇ. ಮುಂದಿನ ಸಾಲಿನ ಸೀಟುಗಳು ಭಿಕ್ಷುಗಳಿಗೆ ಮೀಸಲು. ಅವರು ಹತ್ತಿದ ಕೂಡಲೇ ಎದ್ದು ಜಾಗ ಬಿಡಬೇಕು, ಯಾರಾದರೂ ಹೇಳುವವರೆಗೆ ಕಾಯಬಾರದು. ತಲೆಯ ಮೇಲಿನ ಸರಳುಗಳ ಹಲಗೆ ಬಹಳ ಕಿರಿದಾದುದರಿಂದ ಚೀಲ 40 ಲೀಟರಿಗಿಂತ ದೊಡ್ಡದಿರಬಾರದು. ಅದಕ್ಕಿಂತ ದೊಡ್ಡದಾದರೆ ಚಾಲಕನ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಇಡಬೇಕಾಗುತ್ತದೆ, ಅದು ಕಾದಿರುತ್ತದೆ, ನನ್ನ ಒಂದು ಜೊತೆ ರಬ್ಬರ್ ಚಪ್ಪಲಿ ಅಲ್ಲಿಯೇ ಆಕಾರ ಬದಲಿಸಿಕೊಂಡಿತು.

ಟಿಕೆಟ್ಟಿಗೆ ಸಣ್ಣ ನೋಟುಗಳನ್ನು ಬೇರೆ ಜೇಬಿನಲ್ಲಿಟ್ಟುಕೊಳ್ಳಬೇಕು. ಇಳಿಯುವ ಊರು ಬಂದಾಗ ತಮಿಳು ಪ್ರದೇಶದಲ್ಲಿ ‘ಇರಕ್ಕಂ’ ಎಂದು ಕೂಗುತ್ತಾರೆ, ಸಿಂಹಳ ಪ್ರದೇಶದಲ್ಲಿ ‘ಬಹಿನವಾ’ ಎನ್ನುತ್ತಾರೆ. ‘ಇರಕ್ಕಂ’ ಎಂಬುದು ನಮ್ಮ ‘ಇಳಿ’ಯ ನೆಂಟನೇ ಇರಬೇಕು ಎಂದುಕೊಂಡರೆ ನೆನಪಿನಲ್ಲಿ ಉಳಿಯುತ್ತದೆ. ಜಾಫ್ನಾದ ತಮಿಳಿನಲ್ಲಿ ಹೌದು ಎನ್ನಲು ‘ಓಂ’ ಎನ್ನುತ್ತಾರೆ. ಈ ಬಸ್ಸು ಚುನ್ನಾಕಕ್ಕೆ ಹೋಗುತ್ತದೆಯೇ ಎಂದು ಕೇಳಿದಾಗ ಕಂಡಕ್ಟರ್ ಗಂಭೀರವಾಗಿ ‘ಓಂ’ ಎಂದರೆ ಅವರು ಪ್ರಾರ್ಥನೆ ಮಾಡುತ್ತಿದ್ದಾರೆ ಎಂದು ತಿಳಿಯಬೇಕಿಲ್ಲ, ಹತ್ತಿ ಕೂರಬೇಕು. ಹೋಗುವ ಬಸ್ಸಿಗಿಂತ ಬರುವ ಬಸ್ಸಿನ ಚಿಂತೆ ಮುಖ್ಯ. ಹಳ್ಳಿಗಳ ಕೊನೆಯ ಬಸ್ಸು ಹಲವೆಡೆ ಸಂಜೆಗೇ ಮುಗಿಯುವುದರಿಂದ, ಇಳಿಯುವಾಗಲೇ ಅದೇ ಕಂಡಕ್ಟರನ್ನು ಹಿಂದಿರುಗುವ ಕೊನೆಯ ಬಸ್ಸಿನ ಹೊತ್ತು ಕೇಳಿ, ಇಳಿದ ಮೇಲೆ ಪಕ್ಕದ ಅಂಗಡಿಯಲ್ಲಿ ಇನ್ನೊಮ್ಮೆ ಕೇಳಿ, ಎರಡರಲ್ಲಿ ಬೇಗನೆಯದನ್ನು ನಂಬಬೇಕು.

ನೆಲದ ಬಗ್ಗೆ ಎಚ್ಚರ

ನೆಲಬಾಂಬುಗಳ ತೆರವು ಯುದ್ಧ ಮುಗಿದ ದಿನಗಳಿಂದಲೂ ನಡೆದು ಬಂದಿದ್ದು, ಪ್ರವಾಸಿಗರು ಹೋಗುವ ನೆಲೆಗಳೂ ರಸ್ತೆಗಳೂ ಸುರಕ್ಷಿತವಾಗಿವೆ. ಹಾಗೆಂದು ಎಲ್ಲೆಂದರಲ್ಲಿ ನುಗ್ಗಬಹುದು ಎಂದಲ್ಲ. ಎ9ರಲ್ಲಿ ಆನೆಯಿರವನ್ನು, ಅಂದರೆ ಎಲಿಫೆಂಟ್ ಪಾಸನ್ನು, ದಾಟಿದ ಮೇಲೆ ಸಿಗುವ ಮುಹಮಾಲೈ ಎರಡು ಸೇನೆಗಳ ನಡುವಿನ ಗಡಿರೇಖೆಯಾಗಿತ್ತು, ಅಲ್ಲಿ ಬಾಂಬುಗಳನ್ನು ಬಹಳ ದಟ್ಟವಾಗಿ ಹೂತಿದ್ದರು. ತಲೆಬುರುಡೆಯ ಚಿತ್ರವಿರುವ ಕೆಂಪು ಫಲಕ ಕಂಡರೆ ಅದರಾಚೆ ಹೆಜ್ಜೆ ಇಡಬಾರದು. ತಮಿಳಿನಲ್ಲಿ ಇದನ್ನು ‘ಮಿದಿವೆಡಿ’ ಎನ್ನುತ್ತಾರೆ. ಮೆಟ್ಟಿದರೆ ಸಿಡಿಯುವುದು ಎಂಬ ಅರ್ಥ ಆ ಪದದಲ್ಲೇ ಇದೆ. ಫಲಕವಿಲ್ಲದ ಕಡೆಯಲ್ಲಿಯೂ ನನ್ನ ನಿಯಮ ಸರಳ: ಜನ ನಡೆದು ಸವೆದ ಕಾಲುದಾರಿಯಲ್ಲಿ ಮಾತ್ರ ನಡೆಯುವುದು, ಸೂರು ಹಾರಿಹೋದ ಪಾಳುಮನೆಗಳೊಳಗೆ ಹೋಗದಿರುವುದು, ನೆಲದಲ್ಲಿ ಕಂಡ ಲೋಹದ ಚೂರನ್ನು ಎತ್ತದಿರುವುದು, ಬಸ್ಸು ನಿಂತಾಗ ಮೂತ್ರಕ್ಕೆಂದು ತಾಳೆಮರಗಳ ಪೊದೆಯೊಳಗೆ ಸರಿಯದಿರುವುದು. ಕೊನೆಯದನ್ನು ಜನ ಮರೆಯುವುದೇ ಹೆಚ್ಚು.

ಸೇನಾ ಶಿಬಿರಗಳ ಮತ್ತು ಕಾವಲು ಠಾಣೆಗಳ ಚಿತ್ರ ತೆಗೆಯಬಾರದು. ಡ್ರೋನ್ ಹಾರಿಸಲು ನಾಗರಿಕ ವಿಮಾನಯಾನ ಪ್ರಾಧಿಕಾರದ ಅನುಮತಿ ಬೇಕು, ಚೀಲದಲ್ಲಿ ಅದನ್ನು ತರದಿರುವುದೇ ಮೇಲು. ಸೈನಿಕರ ಉಡುಪಿನ ಹಸಿರು ಚುಕ್ಕೆಗಳ ಬಟ್ಟೆಯನ್ನು ಮನೆಯಲ್ಲಿ ಬಿಟ್ಟು ಬನ್ನಿ. ಬುದ್ಧನ ವಿಗ್ರಹಕ್ಕೆ ಬೆನ್ನು ಮಾಡಿ ನಿಂತು ಸೆಲ್ಫಿ ತೆಗೆದುಕೊಳ್ಳುವುದನ್ನು ಅವಮಾನವೆಂದು ಪರಿಗಣಿಸುತ್ತಾರೆ. ಪಾಳುಬಿದ್ದ ಸ್ತೂಪವಾದರೂ ಚಪ್ಪಲಿ ಬಿಟ್ಟೇ ಹತ್ತಿರ ಹೋಗಬೇಕು. ನಡುಹಗಲಿನಲ್ಲಿ ಹಾಸುಗಲ್ಲು ಹೆಂಚಿನಂತೆ ಕಾದಿರುವುದರಿಂದ ಒಂದು ಜೊತೆ ದಪ್ಪ ಕಾಲುಚೀಲ ಜೊತೆಗಿದ್ದರೆ ಮಂತ್ರದಂತೆ ಕೆಲಸಕ್ಕೆ ಬರುತ್ತದೆ. ಜಾಫ್ನಾದ ನಲ್ಲೂರು ಕಂದಸ್ವಾಮಿ ಗುಡಿಯೊಳಗೆ ಗಂಡಸರು ಅಂಗಿ ಕಳಚಬೇಕು.

ಮನ್ನಾರ್: ಅರ್ಧಕ್ಕೆ ನಿಂತ ಅಗೆತ

ಅನುರಾಧಪುರದ ಬಗ್ಗೆ ಬರೆದವರು ಬೇಕಾದಷ್ಟು ಜನರಿರುವುದರಿಂದ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ. ವವುನಿಯಾದಿಂದ ಮನ್ನಾರ್ ಸುಮಾರು 80 ಕಿ.ಮೀ. ದೂರ. ಮನ್ನಾರ್ ದ್ವೀಪಕ್ಕೆ ಹೋಗುವ ಸೇತುವೆಗೆ ಮುಂಚೆಯೇ, ಭೂಭಾಗದಲ್ಲಿ, ತಿರುಕೇದೀಶ್ವರಂ ಇದೆ. ತಮಿಳು ಶೈವ ಸಂತಕವಿಗಳಾದ ಸಂಬಂಧರೂ ಸುಂದರರೂ ಹಾಡಿದ ಶಿವಸ್ಥಾನ ಇದು. ಪೋರ್ಚುಗೀಸರು ಕೆಡವಿದ್ದ ಗುಡಿ 20ನೆಯ ಶತಮಾನದಲ್ಲಿ ಮತ್ತೆ ಎದ್ದಿತು, ಯುದ್ಧಕಾಲದಲ್ಲಿ ಸೇನೆಯ ಹಿಡಿತದಲ್ಲಿತ್ತು, ಭಾರತ ಸರ್ಕಾರದ ನೆರವಿನಿಂದ ಕಲ್ಲಿನಲ್ಲಿ ಮರುನಿರ್ಮಾಣವಾಗಿ 2022ರಲ್ಲಿ ಅದರ ಕುಂಭಾಭಿಷೇಕ ನಡೆಯಿತು. ಮುಖ್ಯರಸ್ತೆಯಲ್ಲಿ ಬಸ್ಸಿಳಿದು ಆಟೋದಲ್ಲಿ ಹೋಗುವುದು ಅನುಕೂಲ, ಏಕೆಂದರೆ ಗುಡಿಯಷ್ಟನ್ನೇ ನೋಡಿ ಬರುವುದಲ್ಲ, ಅದರ ಸುತ್ತಲಿನ ದಿಬ್ಬವನ್ನು ನೋಡಬೇಕು.

ಆ ದಿಬ್ಬವೇ ಮಾಂತೈ, ಪಾಳಿ ಗ್ರಂಥಗಳ ಮಹಾತಿತ್ಥ, ಅನುರಾಧಪುರದ ಅರಸರ ಕಡಲಬಾಗಿಲು. ಕುದುರೆಲಾಳದ ಆಕಾರದಲ್ಲಿ ಅದನ್ನು ಬಳಸಿ ಎರಡು ಕಂದಕಗಳಿದ್ದವು, ಅವುಗಳ ತಗ್ಗನ್ನು ಇಂದಿಗೂ ಕಾಲಿನಿಂದ ಗುರುತಿಸಬಹುದು. ಪುರಾತತ್ವಜ್ಞ ಜಾನ್ ಕಾರ್ಸ್‌ವೆಲ್ ಅವರ ತಂಡ 1980ರಿಂದ ಇಲ್ಲಿ ಅಗೆಯುತ್ತಿತ್ತು. ಚೀನಾದ ಪಿಂಗಾಣಿಯೂ ಪಶ್ಚಿಮ ಏಷ್ಯಾದ ಮಡಕೆಯೂ ಒಂದೇ ಗುಂಡಿಯಲ್ಲಿ ಸಿಗುತ್ತಿದ್ದಾಗ, 1984ರಲ್ಲಿ ಯುದ್ಧದಿಂದಾಗಿ ಕೆಲಸ ನಿಂತಿತು. ಅಂತಿಮ ವರದಿ ಅಚ್ಚಾಗಿ ಹೊರಬಂದದ್ದು 2013ರಲ್ಲಿ. ಯುದ್ಧ ಮುಗಿದ ಮೇಲೆ ನಡೆದ ಅಗೆತದಲ್ಲಿ ಕರಿಮೆಣಸಿನ ಜೊತೆಗೆ ಒಂದು ಲವಂಗವೂ ಸಿಕ್ಕಿತು. ಸಾವಿರ ವರ್ಷ ಹಳೆಯದಾದ ಆ ಲವಂಗ ಇಂಡೊನೇಷ್ಯಾದ ದ್ವೀಪಗಳಿಂದ ಬಂದಿರಲೇಬೇಕು, ಆಗ ಅದು ಬೆಳೆಯುತ್ತಿದ್ದುದು ಅಲ್ಲಿ ಮಾತ್ರ. ಇಲ್ಲಿ ನೋಡಲು ಕಂಬವಾಗಲಿ ಗೋಪುರವಾಗಲಿ ಇಲ್ಲ, ಮಡಕೆಚೂರು ಹರಡಿದ ಮಣ್ಣಷ್ಟೇ ಇದೆ. ಚೂರುಗಳನ್ನು ನೋಡಿ ಅಲ್ಲಿಯೇ ಬಿಡಬೇಕು.

ಮನ್ನಾರಿನಿಂದ ಜಾಫ್ನಾಕ್ಕೆ ಹೋಗುವ ಬಸ್ಸಿನಲ್ಲಿ ಎಡಗಡೆಯ ಕಿಟಕಿ ಹಿಡಿಯಿರಿ. ಪೂನಕರಿಯ ಆಚೆ, 2011ರ ಜನವರಿಯಲ್ಲಿ ತೆರೆದ 288 ಮೀಟರ್ ಉದ್ದದ ಸಂಗುಪಿಟ್ಟಿ ಸೇತುವೆಯ ಮೇಲೆ, ಎರಡೂ ಕಡೆ ನೀರು ಬಸ್ಸಿನ ಚಕ್ರದ ಮಟ್ಟಕ್ಕೇ ಇದೆಯೇನೋ ಎನ್ನಿಸುತ್ತದೆ.

ಜಾಫ್ನಾ ಮತ್ತು ದ್ವೀಪಗಳು

ಜಾಫ್ನಾದಲ್ಲಿ ಮೂರು ರಾತ್ರಿ ಉಳಿಯಬೇಕು. ಮೊದಲ ಬೆಳಿಗ್ಗೆ ನಾವಲರ್ ರಸ್ತೆಯ ಚಿಕ್ಕ ವಸ್ತುಸಂಗ್ರಹಾಲಯಕ್ಕೆ ಹೋಗಿ ಕಂದರೋಡೈಯಲ್ಲಿ ಸಿಕ್ಕ ವಸ್ತುಗಳನ್ನು ನೋಡಿಕೊಂಡು, ಆಮೇಲೆ ಕಾಂಕೇಸನ್‌ತುರೈ ರಸ್ತೆಯ ಬಸ್ಸು ಹತ್ತಿ ಸುಮಾರು 10 ಕಿ.ಮೀ. ದೂರದ ಚುನ್ನಾಕಂನಲ್ಲಿ ಇಳಿದು, ಅಲ್ಲಿಂದ ಪಶ್ಚಿಮಕ್ಕೆ ಎರಡು ಮೂರು ಕಿಲೋಮೀಟರ್ ನಡೆದರೆ ಕಂದರೋಡೈ. ಕೆಂಪುಮಣ್ಣಿನ ತೋಟಗಳು, ಈರುಳ್ಳಿ ಮತ್ತು ಹೊಗೆಸೊಪ್ಪಿನ ಮಡಿಗಳು, ತಾಳೆಗರಿಯ ಬೇಲಿಗಳು, ಅವುಗಳ ನಡುವೆ ಇದ್ದಕ್ಕಿದ್ದಂತೆ ಒಂದು ಚಿಕ್ಕ ಆವರಣ. ಅದರೊಳಗೆ ಸುಣ್ಣಕಲ್ಲು ಮತ್ತು ಹವಳದ ಕಲ್ಲಿನ ಪುಟ್ಟ ಸ್ತೂಪಗಳು ಒಂದಕ್ಕೊಂದು ಒತ್ತಿಕೊಂಡು ಕುಳಿತಿವೆ, ಕೆಲವು ಆಳೆತ್ತರಕ್ಕೂ ಬರುವುದಿಲ್ಲ. ಅನುರಾಧಪುರದಲ್ಲಿ ಬೆಟ್ಟದಂಥ ದಾಗೆಬಾಗಳನ್ನು, ಅಂದರೆ ಸ್ತೂಪಗಳನ್ನು, ನೋಡಿ ಬಂದ ಕಣ್ಣಿಗೆ ಇವು ಬೋರಲು ಹಾಕಿದ ಮಡಕೆಗಳಂತೆ ಕಾಣುತ್ತವೆ. ಕಲ್ಲಿನ ಹತ್ತಿರ ಬಗ್ಗಿ ನೋಡಿದರೆ ಹವಳದ ಸಣ್ಣ ಸಣ್ಣ ಕಣ್ಣುಗಳು ಹಾಗೆಯೇ ಉಳಿದಿರುವುದು ತಿಳಿಯುತ್ತದೆ. ಸ್ತೂಪಗಳ ತುದಿಯ ತುಂಡುಗಳು ಕೆಳಗೆ ಬೇರೆಯಾಗಿ ಬಿದ್ದಿವೆ.

ಇತಿಹಾಸಕಾರ ಪಾಲ್ ಪೀರಿಸ್ ಅವರು 1917ರ ಹೊತ್ತಿಗೆ ಇಲ್ಲಿ ಅಗೆತ ಆರಂಭಿಸಿದರು, 1970ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ಇಲ್ಲಿ ಕೆಲಸ ಮಾಡಿತು. ವಿಷದ ಅಣಬೆ ತಿಂದು ಸತ್ತ 60 ಭಿಕ್ಷುಗಳ ಸಮಾಧಿಗಳಿವು ಎಂಬ ಕಥೆಯನ್ನು ಇಲ್ಲಿಗೆ ಬರುವ ಯಾತ್ರಿಕರು ಹೇಳುತ್ತಾರೆ. ಇದು ಸಿಂಹಳ ಬೌದ್ಧರ ನೆಲೆ ಎನ್ನುವವರು ಒಂದು ಕಡೆ, ತಮಿಳರೂ ಒಂದು ಕಾಲದಲ್ಲಿ ಬೌದ್ಧರಾಗಿದ್ದರು, ಇದು ಅವರದೇ ಎನ್ನುವವರು ಇನ್ನೊಂದು ಕಡೆ. ಪಕ್ಕದ ತೋಟದಲ್ಲಿ ನೀರು ಹಾಯಿಸುತ್ತಿದ್ದವರನ್ನು ಮಾತನಾಡಿಸಿದಾಗ ಅವರು ಈ ವಾದಕ್ಕೆ ಹೋಗಲೇ ಇಲ್ಲ. ಯಾತ್ರಿಕರ ಬಸ್ಸುಗಳು ತಮ್ಮ ಬೇಲಿಯನ್ನು ಒರೆಸಿಕೊಂಡು ತಿರುಗುತ್ತವೆ ಎಂಬುದಷ್ಟೇ ಅವರ ದೂರು.

ಎರಡನೆಯ ದಿನ ನೈನಾತೀವಿಗೆ. ಜಾಫ್ನಾದಿಂದ ಕುರಿಕಟ್ಟುವಾನ್ ದೋಣಿಕಟ್ಟೆಯವರೆಗೆ ಬಸ್ಸು ಹೋಗುತ್ತದೆ. ಫಲಕದಲ್ಲಿ ಊರಿನ ಹೆಸರು ಕಾಣದಿದ್ದರೆ ‘ಕೆಕೆಡಿ’ ಎಂದು ಕೇಳಬೇಕು. ಕಡಲಿನ ನಡುವಿನ ಏರಿಯ ಮೇಲೆ ಪುಂಗುಡುತೀವನ್ನು ದಾಟಿ ಹೋಗುವ ಈ ದಾರಿಯಲ್ಲಿ ಮನೆಯವರು ವಿದೇಶಕ್ಕೆ ಹೋಗಿ ಪಾಳುಬಿದ್ದ ದೊಡ್ಡ ದೊಡ್ಡ ಮನೆಗಳು ಕಾಣುತ್ತವೆ. ದೋಣಿಯ ಪ್ರಯಾಣ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ದ್ವೀಪದಲ್ಲಿ ನಾಗಪೂಷಣಿ ಅಮ್ಮನ ಗುಡಿಯೂ ನಾಗದೀಪ ವಿಹಾರವೂ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ರತ್ನಪೀಠಕ್ಕಾಗಿ ಜಗಳವಾಡುತ್ತಿದ್ದ ಇಬ್ಬರು ನಾಗರಾಜರನ್ನು ಸಮಾಧಾನಪಡಿಸಲು ಬುದ್ಧ ಇಲ್ಲಿಗೆ ಬಂದನೆಂದು ಲಂಕೆಯ ಪ್ರಾಚೀನ ಪಾಳಿ ಚರಿತ್ರೆಯಾದ ಮಹಾವಂಶ ಹೇಳುತ್ತದೆ.

ಇಲ್ಲಿ ಬಹುತೇಕರು ಗಮನಿಸದೆ ಹೋಗುವ ಒಂದು ಕಲ್ಲಿದೆ. ಅಮ್ಮನ ಗುಡಿಯಲ್ಲಿರುವ ಆ ಶಾಸನ 12ನೆಯ ಶತಮಾನದ ಪರಾಕ್ರಮಬಾಹುವಿನದು. ಪೊಲೊನ್ನರುವದ ಆ ಸಿಂಹಳ ದೊರೆ ಅದನ್ನು ತಮಿಳಿನಲ್ಲಿ ಬರೆಸಿದ್ದಾನೆ. ಆನೆ ಕುದುರೆಗಳನ್ನು ತರುವ ಹಡಗು ಒಡೆದರೆ ಅದರ ಸರಕಿನ ನಾಲ್ಕನೆಯ ಒಂದು ಪಾಲು ಬೊಕ್ಕಸಕ್ಕೆ, ಉಳಿದ ಮೂರು ಪಾಲು ಒಡೆಯನಿಗೆ. ಬೇರೆ ವ್ಯಾಪಾರದ ಹಡಗಾದರೆ ಸಮಪಾಲು. ಯುದ್ಧಕ್ಕೆ ಬೇಕಾದ ಪ್ರಾಣಿಗಳನ್ನು ತರುವವನಿಗೆ ರಿಯಾಯಿತಿ ಕೊಟ್ಟ ಈ ಲೆಕ್ಕಾಚಾರವನ್ನು ಓದಿದಾಗ, ಆ ದೊರೆಗೆ ಭಾಷೆಗಿಂತ ಬಂದರು ಮುಖ್ಯವಾಗಿತ್ತು ಎನ್ನಿಸುತ್ತದೆ. ಎರಡು ಹೆಸರುಗಳ ಜಗಳ ಈ ನೆಲಕ್ಕೆ ಹೊಸದು ಎಂದು ನಾನು ನಂಬಲು ಈ ಕಲ್ಲೇ ಮೊದಲ ಕಾರಣ.

ಮೂರನೆಯ ದಿನವನ್ನು ಡಚ್ಚರ ಕೋಟೆಗೂ, 1981ರಲ್ಲಿ ಸುಮಾರು 97,000 ಪುಸ್ತಕಗಳೊಂದಿಗೆ ಸುಟ್ಟುಹೋಗಿ ಮತ್ತೆ ಕಟ್ಟಲಾದ ಸಾರ್ವಜನಿಕ ಗ್ರಂಥಾಲಯಕ್ಕೂ ಇಡಬಹುದು. ಎರಡೂ ಬಸ್ ನಿಲ್ದಾಣದಿಂದ ನಡಿಗೆಯ ದೂರದಲ್ಲಿವೆ.

ತ್ರಿಕೋನಮಲೆಯ ಕಡೆಗೆ

ಜಾಫ್ನಾದಿಂದ ಹಿಂದಿರುಗುವಾಗ ಮುರಿಕಂಡಿಯ ಚಿಕ್ಕ ಪಿಳ್ಳೈಯಾರ್ (ಗಣಪತಿ) ಗುಡಿಯ ಮುಂದೆ ಬಸ್ಸು ನಿಲ್ಲುತ್ತದೆ. ಚಾಲಕ ಯಾವ ಧರ್ಮದವನೇ ಆಗಿರಲಿ, ಇಲ್ಲಿ ನಿಲ್ಲಿಸದೆ ಮುಂದೆ ಹೋಗುವುದು ಅಪರೂಪ. ತೆಂಗಿನಕಾಯಿ ಒಡೆದು, ಕಡಲೆಕಾಯಿ ಕೊಂಡು, ಹತ್ತು ನಿಮಿಷದಲ್ಲಿ ಮತ್ತೆ ಹೊರಡುತ್ತಾರೆ. ವವುನಿಯಾದಲ್ಲಿ ಬಸ್ಸು ಬದಲಿಸಿದರೆ ಹೊರೊವ್‌ಪೊತಾನ ಮೂಲಕ ತ್ರಿಕೋನಮಲೆ, ಜಾಫ್ನಾದಿಂದ ನೇರ ಬಸ್ಸುಗಳೂ ಇವೆ.

ತಿರಿಯಾಯ್‌ಗೆ ಒಂದು ಇಡೀ ದಿನ ಬೇಕು. ಪುಲ್ಮೋಡೈ ಕಡೆಗೆ ಹೋಗುವ ಬೆಳಗಿನ ಬಸ್ಸನ್ನು ಹತ್ತಿ, ನಿಲಾವೇಲಿಯನ್ನೂ ಕುಚ್ಚವೇಲಿಯನ್ನೂ ದಾಟಿ ಇಳಿದು, ಗುಡ್ಡದ ಬುಡದವರೆಗೆ ಆಟೋ ಹಿಡಿಯಬೇಕು. ಒಳರಸ್ತೆಯಲ್ಲಿ ಕಾಡಾನೆಗಳು ತಿರುಗುವುದರಿಂದ ಸಂಜೆಯ ನಂತರ ಅಲ್ಲಿ ನಡೆಯಬಾರದು. ಮೆಟ್ಟಿಲು ಹತ್ತಿದರೆ ಕಲ್ಲುಕಂಬಗಳ ಸುತ್ತುಗಳ ನಡುವೆ ಒಂದು ಚಿಕ್ಕ ಸ್ತೂಪ. ತಪಸ್ಸು, ಭಲ್ಲುಕ ಎಂಬ ವರ್ತಕರು ಬುದ್ಧನ ಕೇಶಧಾತುವನ್ನು ತಂದಿಟ್ಟ ಸ್ಥಳ ಇದೆಂಬ ನಂಬಿಕೆ ಇದೆ. ಅದೇ ಗುಡ್ಡದ ಬಂಡೆಯ ಮೇಲಿನ ಸಂಸ್ಕೃತ ಶಾಸನ ಪಲ್ಲವ ಗ್ರಂಥ ಲಿಪಿಯಲ್ಲಿದೆ. ವೆಲ್ಗಂ ವೆಹೆರ ಇದಕ್ಕಿಂತ ಹತ್ತಿರ. ಚೋಳರು ದ್ವೀಪವನ್ನು ಆಳಿದಾಗ ಈ ಬೌದ್ಧ ವಿಹಾರವನ್ನು ಕೆಡವದೆ ರಾಜರಾಜ ಪೆರುಂಪಳ್ಳಿ ಎಂಬ ಹೆಸರಿಟ್ಟು ದತ್ತಿ ಕೊಟ್ಟರು, ಆ ದತ್ತಿಗಳ ತಮಿಳು ಶಾಸನಗಳು ಅಲ್ಲಿಯೇ ಇವೆ. ಅನುರಾಧಪುರ ರಸ್ತೆಯಲ್ಲಿ ಸುಮಾರು 8 ಕಿ.ಮೀ. ದೂರದ ಕನ್ನಿಯಾದ ಏಳು ಬಿಸಿನೀರಿನ ಬಾವಿಗಳನ್ನೂ ಇದರ ಜೊತೆಗೆ ಅದೇ ಆಟೋದಲ್ಲಿ ನೋಡಿ ಬರಬಹುದು. ಆ ಬಾವಿಗಳ ಒಡೆತನದ ವಿವಾದ ನ್ಯಾಯಾಲಯದವರೆಗೆ ಹೋಗಿದೆ. ಆಟೋ ಚಾಲಕರು ಅದರ ಬಗ್ಗೆ ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ, ತೀರ್ಪು ಕೊಡಲು ಹೋಗಬೇಡಿ. ಯುದ್ಧದ ಮಾತಿಗೂ ಇದೇ ಅನ್ವಯಿಸುತ್ತದೆ: ಅವರಾಗಿ ಹೇಳದ ಹೊರತು, ನಿಮ್ಮ ಮನೆಯವರಲ್ಲಿ ಯಾರು ಹೋದರು ಎಂದು ಕೇಳುವ ಹಕ್ಕು ಬಸ್ಸಿನ ಸಹಪ್ರಯಾಣಿಕನಿಗೆ ಇಲ್ಲ.

ತ್ರಿಕೋನಮಲೆಯ ಶಿವನ ಗುಡಿ ಕೋಣೇಶ್ವರವನ್ನು ಕೊನೆಯ ಸಂಜೆಗೆ ಉಳಿಸಿಕೊಳ್ಳಬೇಕು. ಗುಡಿ ಇರುವುದು ಫ್ರೆಡರಿಕ್ ಕೋಟೆಯೊಳಗೆ, ಕೋಟೆಯಲ್ಲಿ ಇಂದಿಗೂ ಸೇನೆ ಇದೆ. ಪೋರ್ಚುಗೀಸರು 1620ರ ದಶಕದಲ್ಲಿ ಹಳೆಯ ಗುಡಿಯನ್ನು ಕೆಡವಿ ಅದರ ಕಲ್ಲುಗಳಿಂದಲೇ ಇಲ್ಲಿ ಕೋಟೆ ಕಟ್ಟಿದರು. 1950ರಲ್ಲಿ ಬಾವಿ ತೋಡುವಾಗ ಹಳೆಯ ಕಂಚಿನ ವಿಗ್ರಹಗಳು ಸಿಕ್ಕವು, ಅವು ಈಗ ಗುಡಿಯಲ್ಲಿವೆ. ಒಳಗೆ ಹೋಗುವ ಅವಸರದಲ್ಲಿ ಕೋಟೆಯ ಬಾಗಿಲನ್ನು ಮರೆಯಬಾರದು. ಬಾಗಿಲುವಾಡದ ಕಲ್ಲಿನಲ್ಲಿ ಪಾಂಡ್ಯರ ಜೋಡಿ ಮೀನಿನ ಗುರುತೂ ಅರ್ಧಂಬರ್ಧ ಉಳಿದ ತಮಿಳು ಸಾಲುಗಳೂ ಕೆತ್ತಿವೆ. ಅಲ್ಲಿನ ಕಾವಲಿನವರನ್ನು ಕೇಳಿಯೇ ಚಿತ್ರ ತೆಗೆಯಬೇಕು. ಸಂಜೆಯ ಪೂಜೆ ಮುಗಿಸಿ ಇಳಿದು ಬರುವಾಗ ಕೋಟೆಯ ಚುಕ್ಕೆ ಜಿಂಕೆಗಳು ಪ್ರಸಾದದ ಬಾಳೆಹಣ್ಣಿಗಾಗಿ ಚೀಲಕ್ಕೆ ಮೂತಿ ಹಾಕುತ್ತವೆ. ಬಸ್ ನಿಲ್ದಾಣ ಅಲ್ಲಿಂದ ನಡಿಗೆಯ ದೂರದಲ್ಲಿಯೇ ಇದ್ದು, ಕೊಲಂಬೊದ ರಾತ್ರಿ ಬಸ್ಸಿಗೆ ಸೀಟನ್ನು ಮಧ್ಯಾಹ್ನವೇ ಕಾಯ್ದಿರಿಸಿದ್ದರೆ ಜಿಂಕೆಗಳಿಗೆ ಹಣ್ಣು ಕೊಡುವಷ್ಟು ಹೊತ್ತು ಖಂಡಿತ ಉಳಿದಿರುತ್ತದೆ.